ಪ್ರಿನ್‌ಸ್ಟನ್ನಿನ ವಿದ್ವಾಂಸರ ಬಿಡಾರಗಳು

ಯಾವುದಾದರೊಂದು ದೊಡ್ಡ ವಿದ್ಯಾಸಂಸ್ಥೆಯ ಚರಿತ್ರೆಯನ್ನು ಬರೆಯಹೊರಟವರು ಅಲ್ಲಿಯ ಆಚಾರ್ಯರನ್ನೂ ಅವರು ಕಂಡುಹಿಡಿದ ತತ್ತ್ವಗಳನ್ನೂ ವಿಸ್ತಾರವಾಗಿ ವರ್ಣಿಸುವರು. ಆ ಆಚಾರ್ಯರು ರಾತ್ರಿ ಎಲ್ಲಿ ಮಲಗುತ್ತಿದ್ದರು, ಅವರ ಮಕ್ಕಳಿಗೆ ಹಾಲು ಕಾಯಿಸಿದ ಒಲೆ ಯಾರದು, ತಿಂಗಳ ಬಾಡಿಗೆ ಯಾರ ಕೈ ಸೇರುತ್ತಿತ್ತು ಎಂಬುದನ್ನು ಹೇಳುವವರು ವಿರಳ. ಇವು ಗೃಹಿಣಿಯರ ಪ್ರಶ್ನೆಗಳೆಂದು ಪಂಡಿತರು ಬದಿಗಿಟ್ಟಿರಬಹುದು. ಆದರೆ ಒಂದೂರಿನಿಂದ ಮತ್ತೊಂದೂರಿಗೆ ವರ್ಗವಾಗಿ ಹೋದ ಯಾವ ಸಂಸಾರಿಯನ್ನು ಕೇಳಿದರೂ, ಮೊದಲ ತಿಂಗಳು ತನ್ನ ತಲೆಯಲ್ಲಿದ್ದುದು ಕಚೇರಿಯ ಕೆಲಸವಲ್ಲ, ಮನೆಯ ಚಿಂತೆ ಎಂದು ಒಪ್ಪಿಕೊಂಡಾನು. ದೇಶಾಂತರದಿಂದ ಒಂದೇ ವರ್ಷದ ಮಟ್ಟಿಗೆ ಬಂದ ವಿದ್ವಾಂಸನ ಪಾಡಂತೂ ಇನ್ನೂ ಕಷ್ಟದ್ದು. ಆತನು ಮನೆ ಹುಡುಕುವುದರಲ್ಲಿ ಮೂರು ತಿಂಗಳು ಕಳೆದರೆ, ಆತನನ್ನು ಕರೆಯಿಸಿಕೊಂಡ ಸಂಸ್ಥೆಗೆ ವರ್ಷದ ಕಾಲುಭಾಗ ನಷ್ಟವಾದಂತೆಯೇ ಸರಿ.

ಈ ಲೆಕ್ಕವನ್ನು ಚೆನ್ನಾಗಿ ಅರಿತುಕೊಂಡ ಸಂಸ್ಥೆಗಳಲ್ಲಿ ಅಮೆರಿಕದ ನ್ಯೂ ಜೆರ್ಸಿ ಸಂಸ್ಥಾನದ ಪ್ರಿನ್‌ಸ್ಟನ್ ಪಟ್ಟಣದಲ್ಲಿರುವ ಉನ್ನತಾಧ್ಯಯನ ಸಂಸ್ಥೆಯು ಒಂದು. ನ್ಯೂವರ್ಕ್ ನಗರದಲ್ಲಿ ದೊಡ್ಡ ಅಂಗಡಿಯನ್ನು ನಡೆಯಿಸಿ ಐಶ್ವರ್ಯವಂತರಾದ ಲೂಯಿ ಬ್ಯಾಂಬರ್ಗರ್ ಎಂಬವರೂ ಅವರ ಸೋದರಿ ಕ್ಯಾರೊಲಿನ್ ಫುಲ್ಡ್ ಎಂಬವರೂ ಕೊಟ್ಟ ದಾನದಿಂದ ಇದು ೧೯೩೦ರಲ್ಲಿ ಸ್ಥಾಪಿತವಾಯಿತು. ಇಲ್ಲಿ ತರಗತಿಗಳಿಲ್ಲ, ಪರೀಕ್ಷೆಗಳಿಲ್ಲ, ಪದವಿದಾನವಿಲ್ಲ. ಸ್ಥಿರವಾಗಿ ನೆಲೆಸಿದ ಆಚಾರ್ಯರು ಕೆಲವೇ ಮಂದಿ. ಉಳಿದವರೆಲ್ಲರೂ ನಾನಾ ದೇಶಗಳಿಂದ ಒಂದೆರಡು ವರ್ಷದ ಮಟ್ಟಿಗೆ ಬಂದು ಹೋಗುವ ಸದಸ್ಯರು. ಈಗ ಪ್ರತಿವರ್ಷವೂ ಇಂಥವರು ಇನ್ನೂರರಷ್ಟು ಮಂದಿ ಬರುತ್ತಾರೆ. ಅಂದಮೇಲೆ ಪ್ರತಿವರ್ಷವೂ ಇನ್ನೂರು ಸಂಸಾರಗಳು ಗಂಟುಮೂಟೆ ಬಿಚ್ಚಬೇಕು, ಮತ್ತೆ ಕಟ್ಟಬೇಕು. ಹೀಗಿರಲು ಈ ಸಂಸ್ಥೆಗೆ ಅತಿಥಿಸತ್ಕಾರವೆಂಬುದು ಅದರ ವೃತ್ತಿಯ ಅರ್ಧಭಾಗವೆಂದರೂ ಸಲ್ಲುವುದು.

ಮೊದಮೊದಲು ಇಂಥ ಏರ್ಪಾಡು ಏನೂ ಇರಲಿಲ್ಲ. ಬಂದವರು ತಮ್ಮ ತಮ್ಮ ಬಿಡಾರಗಳನ್ನು ತಾವೇ ನೋಡಿಕೊಳ್ಳಬೇಕಾಗಿತ್ತು. ೧೯೩೩ರ ಅಕ್ಟೋಬರಿನಲ್ಲಿ ಜರ್ಮನಿಯನ್ನು ತೊರೆದು ಬಂದ ಐನ್‌ಸ್ಟೈನರು ಸಹ ಮೊದಲು ಕೆಲವು ದಿನ ಊರಿನ ಒಂದು ವಸತಿಗೃಹದಲ್ಲಿ ತಂಗಿ, ಅನಂತರ ಲೈಬ್ರರಿ ಪ್ಲೇಸ್ ಎಂಬ ಬೀದಿಯಲ್ಲಿ ಒಂದು ಬಾಡಿಗೆಯ ಮನೆಗೆ ಬಂದು, ೧೯೩೫ರಲ್ಲಿ ಮರ್ಸರ್ ಬೀದಿಯ ೧೧೨ನೆಯ ಸಂಖ್ಯೆಯ ಮನೆಯನ್ನು ಕೊಂಡರು. ಅವರಿಗೇನೋ ಜಗದ್ವಿಖ್ಯಾತಿಯಿತ್ತು, ಮನೆ ಕೊಡೆನೆಂದು ಹೇಳುವ ಎದೆ ಯಾರಿಗಿದ್ದೀತು? ಹೆಸರಿಲ್ಲದ ಕಿರಿಯರ ಗತಿಯೇ ಬೇರೆ.

ಪ್ರಿನ್‌ಸ್ಟನ್ ಸಣ್ಣ ಊರು, ಸಿರಿವಂತರ ಊರು. ಹಳೆಯ ಮರಗಳ ನೆರಳಿನಲ್ಲಿ ಅಂದವಾದ ಮನೆಗಳು. ಆದರೆ ಆ ಮನೆಗಳ ಬಾಗಿಲು ಎಲ್ಲರಿಗೂ ಒಂದೇ ಬಗೆಯಾಗಿ ತೆರೆಯುತ್ತಿರಲಿಲ್ಲ. ೧೯೩೭ರಲ್ಲಿ ಮೇರಿಯನ್ ಆಂಡರ್ಸನ್ ಎಂಬ ಪ್ರಖ್ಯಾತ ಗಾಯಕಿಯು ಈ ಊರಿಗೆ ಬಂದು ಹಾಡಿದಳು. ಹಾಡು ಕೇಳಲು ಊರಿಗೆ ಊರೇ ನೆರೆಯಿತು. ರಾತ್ರಿ ತಂಗುವುದಕ್ಕೆ ಮಾತ್ರ ಊರಿನ ಹೆಸರಾದ ವಸತಿಗೃಹದಲ್ಲಿ ಆಕೆಗೆ ಕೋಣೆ ದೊರೆಯಲಿಲ್ಲ. ಏಕೆಂದರೆ ಆಕೆ ಕಪ್ಪು ಜನಾಂಗದವಳು. ಆ ರಾತ್ರಿ ಐನ್‌ಸ್ಟೈನರು ಆಕೆಯನ್ನು ತಮ್ಮ ಮನೆಗೆ ಕರೆದು ಉಳಿಸಿಕೊಂಡರು. ಹಾಗೆಯೇ ೧೯೪೧ರಲ್ಲಿ ಡೇವಿಡ್ ಬ್ಲ್ಯಾಕ್‌ವೆಲ್ ಎಂಬ ತರುಣ ಗಣಿತಜ್ಞನು ಉನ್ನತಾಧ್ಯಯನ ಸಂಸ್ಥೆಯ ಸದಸ್ಯನಾಗಿ ಬಂದಾಗ, ಸಂಸ್ಥೆಯ ಸದಸ್ಯರಿಗೆ ಊರಿನ ವಿಶ್ವವಿದ್ಯಾನಿಲಯವು ವಾಡಿಕೆಯಂತೆ ಕೊಡುತ್ತಿದ್ದ ಗೌರವಸ್ಥಾನವನ್ನು ಆತನಿಗೂ ಕೊಡಬೇಕೇ ಎಂದು ಅಲ್ಲಿ ಆಕ್ಷೇಪವೆದ್ದಿತು. ಆತನೂ ಕಪ್ಪು ಜನಾಂಗದವನೇ. ಮುಂದೆ ಆತನು ಸಂಖ್ಯಾಶಾಸ್ತ್ರದಲ್ಲಿ ಅಗ್ರಗಣ್ಯನೆನಿಸಿದನು.

ಈ ಪ್ರಸಂಗಗಳನ್ನು ಇಲ್ಲಿ ತಂದುದಕ್ಕೆ ಕಾರಣವುಂಟು. ಬಾಡಿಗೆಯ ಮನೆಯನ್ನು ಕೇಳಿಕೊಂಡು ಹೋದವನನ್ನು ಮನೆಯ ಯಜಮಾನನು ಮೊದಲು ಕೇಳುವುದು ಹಣದ ಮಾತನ್ನಲ್ಲವೆಂಬುದು ನಮ್ಮ ವಾಚಕರಿಗೂ ತಿಳಿದ ಸಂಗತಿಯೇ. ನೀವು ಯಾವ ಜನ, ಮಾಂಸ ಬೇಯಿಸುವಿರಾ, ಮದುವೆಯಾಗಿದೆಯೇ, ಮಕ್ಕಳೆಷ್ಟು, ಬಂದುಹೋಗುವ ನೆಂಟರೆಷ್ಟು ಎಂಬ ಪ್ರಶ್ನಾವಳಿಯು ಬೆಂಗಳೂರಿನಲ್ಲಿ ಹೇಗೋ ಪರದೇಶಗಳಲ್ಲಿಯೂ ಹಾಗೆಯೇ. ಪ್ರಶ್ನೆಗಳ ಮಾತು ಬೇರೆ, ಮರ್ಮ ಒಂದೇ. ನಾನಾ ದೇಶದ, ನಾನಾ ಬಣ್ಣದ ಜನರನ್ನು ಕರೆಯಿಸುವ ಸಂಸ್ಥೆಯು ತನ್ನ ಅತಿಥಿಗಳನ್ನು ಊರಿನ ಯಜಮಾನರ ಮರ್ಜಿಗೆ ಬಿಟ್ಟುಕೊಟ್ಟರೆ, ಯಾರು ಬರಬಹುದು, ಯಾರು ಬರಬಾರದು ಎಂಬುದನ್ನು ಪಂಡಿತಸಭೆಯ ಬದಲು ಬೀದಿಯವರೇ ತೀರ್ಮಾನಿಸಿಬಿಟ್ಟಾರು. ಮನೆಯ ಬೀಗದ ಕೈ ಸಂಸ್ಥೆಯದೇ ಆಗಿದ್ದರೆ ಈ ಕಾಟವಿಲ್ಲ.

ಆದರೂ ಸಂಸ್ಥೆಯವರು ಮನೆಕಟ್ಟುವ ಕಾರ್ಯಕ್ಕೆ ಕೈಯಿಕ್ಕಿದ್ದು ಇಂಥ ಧರ್ಮಬುದ್ಧಿಯಿಂದಲ್ಲ, ನಿರ್ವಾಹವಿಲ್ಲದೆ ಎಂಬುದನ್ನು ಹೇಳಬೇಕು. ೧೯೪೫ರಲ್ಲಿ ಎರಡನೆಯ ಮಹಾಯುದ್ಧವು ಮುಗಿದು, ದಂಡಿಗೆ ಹೋದ ತರುಣರು ಲಕ್ಷಗಟ್ಟಲೆಯಾಗಿ ಮರಳಿ ಬಂದು, ಮದುವೆಮಾಡಿಕೊಂಡು, ಅಮೆರಿಕದ ಊರೂರುಗಳಲ್ಲಿ ಮನೆಗಳಿಗೆ ಬರಗಾಲ ಬಂದಿತು. ಪ್ರಿನ್‌ಸ್ಟನ್ನಿನಲ್ಲಿ ಆ ಬರವು ಇನ್ನೂ ಹೆಚ್ಚಾಗಿತ್ತು. ಅಲ್ಲಿಯ ವಿಶ್ವವಿದ್ಯಾನಿಲಯವು ಯುದ್ಧದಿಂದ ಹಿಂದಿರುಗಿದ ವಿದ್ಯಾರ್ಥಿಗಳ ಸಂಸಾರಗಳಿಗೆಂದು ಪೋಲೋ ಆಟದ ಬಯಲಿನಲ್ಲಿ ತಾತ್ಕಾಲಿಕವಾಗಿ ಮನೆಗಳನ್ನು ಎಬ್ಬಿಸಿತು. (ತಾತ್ಕಾಲಿಕವೆಂಬ ಆ ಮನೆಗಳು ಸುಮಾರು ೭೦ ವರ್ಷ ನಿಂತುವು! ಸರ್ಕಾರದ ತಾತ್ಕಾಲಿಕ ಹುದ್ದೆಗಳನ್ನು ಬಲ್ಲ ನಮಗೆ ಇದು ಆಶ್ಚರ್ಯವಲ್ಲ.)

ಇದೇ ಸಮಯದಲ್ಲಿ, ಎಂದರೆ ೧೯೪೬ರಲ್ಲಿ, ಉನ್ನತಾಧ್ಯಯನ ಸಂಸ್ಥೆಯಲ್ಲಿ ಗಣಿತಾಚಾರ್ಯ ಜಾನ್ ಫಾನ್ ನಾಯ್ಮನ್ನರು ವಿದ್ಯುತ್ತಿನಿಂದ ಲೆಕ್ಕಮಾಡುವ ಒಂದು ಯಂತ್ರವನ್ನು ಕಟ್ಟಿಸಲು ತೊಡಗಿದರು. ಇಂದು ಮನೆಮನೆಯಲ್ಲಿಯೂ ಇರುವ ಕಂಪ್ಯೂಟರುಗಳ ಪೂರ್ವಜರಲ್ಲಿ ಅದೊಂದು. ಅದರ ಸ್ಮೃತಿಯಲ್ಲಿ ಹಿಡಿಯುತ್ತಿದ್ದುದು ೧,೦೨೪ ಪದಗಳು ಮಾತ್ರ. ಇಂದಿನ ಒಂದು ಚಿಕ್ಕ ಛಾಯಾಚಿತ್ರಕ್ಕೂ ಅಷ್ಟು ಸಾಲದು. ಯಂತ್ರವನ್ನು ಕಟ್ಟುವುದಕ್ಕೆ ಇಂಜಿನಿಯರುಗಳು ಬೇಕು. ಇಂಜಿನಿಯರುಗಳಿಗೆ ಹೆಂಡಿರುಮಕ್ಕಳುಂಟು. ಯೋಚನೆಮಾಡುವುದನ್ನೇ ಕೆಲಸವಾಗಿ ಉಳ್ಳ ಶುದ್ಧ ಪಂಡಿತರಿಗೆ, ಕೈ ಮಸಿಮಾಡಿಕೊಳ್ಳುವ ಈ ಜನರು ಬಂದುದೇ ಅಷ್ಟಾಗಿ ಹಿಡಿಸಿರಲಿಲ್ಲ. ಮೊದಲು ಅವರಿಗೆ ದೊರೆತ ಸ್ಥಳವು ಮುಖ್ಯಕಟ್ಟಡದ ನೆಲಮಾಳಿಗೆ. ಕೆಲಸಕ್ಕೆ ನೆಲಮಾಳಿಗೆಯಾದರೂ ಆದೀತು. ಸಂಸಾರವನ್ನು ಎಲ್ಲಿಡುವುದು?

ಯಂತ್ರದ ಮುಖ್ಯ ಇಂಜಿನಿಯರಾಗಿ ಬಂದಿದ್ದ ಜೂಲಿಯನ್ ಬಿಗೆಲೋ ಎಂಬಾತನು ಇದಕ್ಕೆ ಒಂದು ಉಪಾಯವನ್ನು ಕಂಡನು. ನ್ಯೂ ಯಾರ್ಕ್ ಸಂಸ್ಥಾನದ ಉತ್ತರದ ತುದಿಯಲ್ಲಿ, ಚಾಂಪ್ಲೇನ್ ಸರೋವರದ ಸಮೀಪದ ಬೆಟ್ಟಗಳಲ್ಲಿ, ಮೈನ್‌ವಿಲ್ ಎಂಬ ಕಬ್ಬಿಣದ ಗಣಿಯ ಊರುಂಟು. ಯುದ್ಧಕಾಲದಲ್ಲಿ ಕಬ್ಬಿಣಕ್ಕೆ ಬೇಡಿಕೆ ಹೆಚ್ಚಿದಾಗ ಗಣಿಯ ಕೆಲಸಗಾರರಿಗಾಗಿ ಸರ್ಕಾರವು ಅಲ್ಲಿ ಮರದ ಮನೆಗಳನ್ನು ಕಟ್ಟಿಸಿತ್ತು. ಯುದ್ಧ ತೀರಿತು, ಮನೆಗಳು ಮಾರಾಟಕ್ಕೆ ಬಂದುವು. ಪ್ರಿನ್‌ಸ್ಟನ್ನಿಗೂ ಆ ಊರಿಗೂ ಸುಮಾರು ೩೦೦ ಮೈಲಿ. ಸಂಸ್ಥೆಯವರು ಅವುಗಳಲ್ಲಿ ೧೧ ಕಟ್ಟಡಗಳನ್ನು ಕೊಂಡುಕೊಂಡು, ಬಿಚ್ಚಿಸಿ, ಭಾಗಭಾಗವಾಗಿ ರೈಲಿನ ಮೇಲೆ ಹೇರಿಸಿ ತಂದು ತಮ್ಮ ಹೊಲದ ನೆಲದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಎರಡು ಮೂರು ಮಲಗುವ ಕೋಣೆಗಳುಳ್ಳ ೩೮ ಬಿಡಾರಗಳು ಹೀಗೆ ದೊರೆತುವು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮಾಡಿದ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ಬಿಚ್ಚಿ ರೈಲಿನಲ್ಲಿ ಸಾಗಿಸಿ ಮತ್ತೆ ಕಟ್ಟುವ ಸಾಹಸವನ್ನು ಊಹಿಸಿರಲಾರರು. ಹೊದಿಕೆಯ ಹಲಗೆ, ಕಿಟಕಿಯ ಚೌಕಟ್ಟು, ನೀರಿನ ಕೊಳವೆ, ವಿದ್ಯುತ್ತಿನ ತಂತಿ, ಯಾವುದು ಯಾವ ಮನೆಯದೆಂದು ಗುರುತಿಟ್ಟು ಜೋಡಿಸುವುದೆಂದರೆ ಸಾಮಾನ್ಯವಲ್ಲ. ಅದಕ್ಕೂ ಮಿಗಿಲಾದ ತೊಡಕು ನೆರೆಹೊರೆಯಿಂದ ಬಂದಿತು. ಗಣಿಯ ಕೂಲಿಕಾರರು ಇದ್ದ ಮನೆಗಳನ್ನು ತಂದು ತಮ್ಮ ಅಂದವಾದ ಬಡಾವಣೆಯ ಮಗ್ಗುಲಲ್ಲಿ ನಿಲ್ಲಿಸಿದರೆ ತಮ್ಮ ಬಡಾವಣೆಯ ಘನತೆಗೆ ಕುಂದು ಬರುವುದೆಂದು ಅಕ್ಕಪಕ್ಕದ ಗೃಹಸ್ಥರು ಸಂಸ್ಥೆಗೆ ದೂರಿಕೊಂಡರು. ಆಕ್ಷೇಪಣೆಯು ಮನೆಗಳ ಮೇಲೆಯೋ, ಬರಲಿರುವ ಜನರ ಮೇಲೆಯೋ ಎಂಬುದನ್ನು ವಾಚಕರೇ ಊಹಿಸಬಹುದು. ಸಂಸ್ಥೆಯವರು ಮಣಿಯಲಿಲ್ಲ. ಮನೆಗಳು ಎದ್ದುವು, ಸಂಸಾರಗಳು ಬಂದುವು.

ಮರದ ಆ ಮನೆಗಳಲ್ಲಿ ವೈಭವವೇನೂ ಇರಲಿಲ್ಲ. ಆದರೆ ಇಂಜಿನಿಯರುಗಳೂ, ಗಣಿತಜ್ಞರೂ, ಮುಂದೆ ಆ ಯಂತ್ರದಿಂದ ಹವೆಯ ಮುನ್ಸೂಚನೆಯನ್ನು ಲೆಕ್ಕಹಾಕಲು ಬಂದ ಪವನಶಾಸ್ತ್ರಜ್ಞರೂ ಕೆಲಸದ ಸ್ಥಳದಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ, ಒಬ್ಬರಿಗೊಬ್ಬರು ನೆರೆಯವರಾಗಿ ಬಾಳುವುದು ಇದರಿಂದ ಸಾಧ್ಯವಾಯಿತು. ರಾತ್ರಿಯೆಲ್ಲ ಯಂತ್ರದ ಬಳಿ ಜಾಗರಣೆಮಾಡುವ ಗಂಡಂದಿರಿಗೆ ಇದು ಎಷ್ಟು ಅನುಕೂಲವೋ, ಹಿಮ ಬೀಳುವ ಕಾಲದಲ್ಲಿ ಎಳೆಮಕ್ಕಳೊಡನೆ ಒಬ್ಬಂಟಿಗರಾಗುವ ಹೆಂಡತಿಯರಿಗೂ ಅಷ್ಟೇ ಅನುಕೂಲ. ಯಂತ್ರವು ಮಾಡಿದ ಮೊದಮೊದಲ ದೊಡ್ಡ ಲೆಕ್ಕಗಳಲ್ಲಿ ಜಲಜನಕದ ಬಾಂಬಿನದೂ ಒಂದು ಎಂಬುದನ್ನು ಮರೆಯಲಾಗದು. ಪಕ್ಕದ ಮನೆಯವನು ಏನು ಲೆಕ್ಕ ಮಾಡುತ್ತಾನೆಂಬುದು ಗೋಡೆಯಾಚೆ ಮಗುವನ್ನು ತೂಗುವ ತಾಯಿಗೆ ತಿಳಿಯದಲ್ಲವೆ?

೧೯೪೭ರಲ್ಲಿ, ಈ ಮನೆಗಳು ಎದ್ದು ನಿಂತ ಕಾಲದಲ್ಲಿಯೇ, ನಮ್ಮ ದೇಶದ ಹರೀಶ್‌ಚಂದ್ರ ಎಂಬ ಇಪ್ಪತ್ತನಾಲ್ಕರ ತರುಣರು ಪ್ರಸಿದ್ಧ ಭೌತವಿಜ್ಞಾನಿ ಡಿರಾಕರ ಜತೆಯಲ್ಲಿ ಪ್ರಿನ್‌ಸ್ಟನ್ನಿಗೆ ಬಂದರು. ಇವರ ಕಥೆಗೂ ಬಿಡಾರಕ್ಕೂ ಒಂದು ಸ್ವಾರಸ್ಯವಾದ ಸಂಬಂಧವಿದೆ, ಅದು ನಮ್ಮ ಬೆಂಗಳೂರಿನದು. ಕಾನ್ಪುರದಲ್ಲಿ ಹುಟ್ಟಿ ಅಲಹಾಬಾದಿನಲ್ಲಿ ಓದಿದ ಹರೀಶ್‌ಚಂದ್ರರು ೧೯೪೩ರಲ್ಲಿ ಹೋಮಿ ಭಾಭಾ ಅವರ ಬಳಿ ಸಂಶೋಧನೆ ಮಾಡಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರು. ಅಲಹಾಬಾದಿನಲ್ಲಿ ಅವರಿಗೆ ಫ್ರೆಂಚ್ ಭಾಷೆಯನ್ನು ಕಲಿಸಿದ್ದ ಕಾಳೆ ಎಂಬ ಮಹಿಳೆಯೂ ಆಕೆಯ ಪತಿಯೂ ಆ ವೇಳೆಗೆ ಬೆಂಗಳೂರಿನಲ್ಲಿ ನೆಲೆಸಿದ್ದರು. ಪರಊರಿಗೆ ಬಂದ ತರುಣನು ಮೊದಲು ಅವರ ಮನೆಯಲ್ಲಿಯೇ ಉಳಿದುಕೊಂಡನು. ಮನೆಯಲ್ಲಿ ಲಲಿತಾ ಎಂಬ ಬಾಲಿಕೆ ಇದ್ದಳು. ಒಂಬತ್ತು ವರ್ಷಗಳು ಕಳೆದು, ಹರೀಶ್‌ಚಂದ್ರರು ಗಣಿತದಲ್ಲಿ ಹೆಸರು ಪಡೆದ ಮೇಲೆ, ೧೯೫೨ರಲ್ಲಿ ಅವರಿಬ್ಬರಿಗೂ ವಿವಾಹವಾಯಿತು. ೧೯೬೩ರಲ್ಲಿ ಅವರು ಉನ್ನತಾಧ್ಯಯನ ಸಂಸ್ಥೆಯಲ್ಲಿಯೇ ಸ್ಥಿರವಾದ ಆಚಾರ್ಯಪದವಿಯನ್ನು ಪಡೆದು, ೧೯೮೩ರಲ್ಲಿ ತೀರಿಕೊಳ್ಳುವವರೆಗೂ ಪ್ರಿನ್‌ಸ್ಟನ್ನಿನಲ್ಲಿ ನೆಲೆಸಿದರು. ಕಚೇರಿಯ ಗುಮಾಸ್ತರು ಹಂಚಿಕೊಡುವ ಬಿಡಾರದಲ್ಲಿ ಇಂಥ ಸೌಭಾಗ್ಯವು ದೊರೆಯದಿರಬಹುದು. ಆದರೆ ತಿಳಿದವರ ಮನೆಯೆಂಬುದು ಎಲ್ಲರಿಗೂ ಎಲ್ಲಿ ದೊರೆಯಬೇಕು?

ಮೈನ್‌ವಿಲ್ಲಿನ ಮನೆಗಳು ಬಹುಕಾಲ ಸಾಲಲಿಲ್ಲ. ೧೯೪೭ರಿಂದ ಸಂಸ್ಥೆಯ ನಿರ್ದೇಶಕರಾಗಿದ್ದ ಓಪನ್‌ಹೈಮರರ ಕಾಲದಲ್ಲಿ, ಹಂಗೇರಿಯಲ್ಲಿ ಹುಟ್ಟಿದ ಮಾರ್ಸೆಲ್ ಬ್ರಾಯರ್ ಎಂಬ ವಾಸ್ತುಶಿಲ್ಪಿಯನ್ನು ಕರೆಯಿಸಿ ಸದಸ್ಯರಿಗೆಂದೇ ಹೊಸ ಮನೆಗಳನ್ನು ಕಟ್ಟಿಸಿದರು. ಅವು ೧೯೫೭ರಲ್ಲಿ ಸಿದ್ಧವಾದುವು. ಉಕ್ಕಿನ ಕೊಳವೆಯನ್ನು ಬಗ್ಗಿಸಿ ಕುರ್ಚಿ ಮಾಡಿದ ಮಹಾಶಯನು ಈತನೇ. ಪ್ಯಾರಿಸಿನ ಯುನೆಸ್ಕೋ ಸೌಧವನ್ನು ಯೋಜಿಸಿದವರಲ್ಲಿಯೂ ಒಬ್ಬನು. ಅಷ್ಟು ದೊಡ್ಡ ಶಿಲ್ಪಿಯನ್ನು ಅಡಿಗೆಮನೆಯೂ ಬಟ್ಟೆ ಒಗೆಯುವ ಕೋಣೆಯೂ ಇರುವ ತಗ್ಗಾದ ಸಾಲುಮನೆಗಳಿಗೆ ನಿಯಮಿಸಿದ್ದನ್ನು ನೋಡಿದರೆ, ಹತ್ತು ವರ್ಷಗಳಲ್ಲಿ ಸಂಸ್ಥೆಯ ದೃಷ್ಟಿ ಎಷ್ಟು ಬದಲಾಗಿತ್ತೆಂಬುದು ತಿಳಿಯುವುದು. ಈ ಮನೆಗಳು ದುರಸ್ತಿಗಳನ್ನು ಕಂಡು ಇಂದಿಗೂ ಬಳಕೆಯಲ್ಲಿವೆ. ಅವುಗಳ ನಡುವಣ ಬೀದಿಗಳಿಗೆ ಐನ್‌ಸ್ಟೈನ್, ಫಾನ್ ನಾಯ್ಮನ್ ಮುಂತಾದವರ ಹೆಸರುಗಳು.

ಈಗಿನ ಪದ್ಧತಿಯು ಹೀಗಿದೆ. ಒಬ್ಬಂಟಿಗರಿಗೆ ಒಂದು ಕೋಣೆಯ ಮನೆ ಮೊದಲ್ಗೊಂಡು ಮಕ್ಕಳಿರುವ ಸಂಸಾರಕ್ಕೆ ಹಲವು ಮಲಗುವ ಕೋಣೆಗಳ ಮನೆಯವರೆಗೆ ಬಗೆಬಗೆಯ ಬಿಡಾರಗಳುಂಟು. ಮಂಚ, ಮೇಜು, ಕುರ್ಚಿ, ಒಲೆ ಎಲ್ಲವೂ ಮೊದಲೇ ಇರುವುವು. ಬಂದವರು ಪೆಟ್ಟಿಗೆಯನ್ನು ಇಳಿಸಿ ಆ ರಾತ್ರಿಯೇ ಅಡಿಗೆ ಮಾಡಬಹುದು. ಧರ್ಮಛತ್ರವಲ್ಲ, ಬಾಡಿಗೆ ಕೊಡಬೇಕು. ಮಕ್ಕಳಿಗೆ ಆವರಣದಲ್ಲಿಯೇ ಒಂದು ಶಿಶುವಿಹಾರವುಂಟು. ಮಧ್ಯಾಹ್ನ ಮೂರು ಗಂಟೆಗೆ ಮುಖ್ಯಕಟ್ಟಡದಲ್ಲಿ ಚಹಾ ಬಿಸ್ಕತ್ತುಗಳ ಸಮಾರಾಧನೆ ನಡೆಯುವುದು. ಅದು ಅಲ್ಲಿ ಪೂಜೆಯಂತೆ ತಪ್ಪದ ನಿಯಮ. ಮನೆಗಳಿಗೂ ಕೆಲಸದ ಕಟ್ಟಡಗಳಿಗೂ ನಡುವೆ, ಎಲ್ಲರೂ ಕಲೆಯಲೆಂದು ೨೦೨೨ರಲ್ಲಿ ಹೊಸದೊಂದು ಸಭಾಭವನವನ್ನು ತೆರೆದಿದ್ದಾರೆ. ಹಿಂಭಾಗದಲ್ಲಿ ಸಂಸ್ಥೆಯದೇ ಆದ ದೊಡ್ಡ ಕಾಡು, ತಿರುಗಾಡುವ ಹಾದಿಗಳು. ನಮ್ಮವರಿಗೆ ಒಂದು ಎಚ್ಚರಿಕೆಯ ಮಾತು: ಅಮೆರಿಕದ ಇಂಥ ಮನೆಗಳ ಮಾಳಿಗೆಯಲ್ಲಿ ಹೊಗೆಯನ್ನು ಕಂಡರೆ ಕೂಗಿಕೊಳ್ಳುವ ಯಂತ್ರವಿರುತ್ತದೆ. ಎಣ್ಣೆ ಕಾಯ್ದು ಸಾಸಿವೆ ಸಿಡಿದು ಒಣಮೆಣಸಿನಕಾಯಿಯ ಘಾಟು ಎದ್ದ ಕೂಡಲೇ ಅದು ಬೊಬ್ಬೆಯಿಡುವುದು. ಒಗ್ಗರಣೆಗೆ ಮೊದಲು ಕಿಟಕಿ ತೆರೆಯುವುದು ಲೇಸು.

ಎಲ್ಲ ಸಂಸ್ಥೆಗಳಿಗೂ ಪ್ರಿನ್‌ಸ್ಟನ್ನಿನಂತೆ ವಿಶಾಲವಾದ ನೆಲವಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಹೊರವಲಯದಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಸೆರ್ನ್ ಎಂಬ ಅಣುಗರ್ಭ ಸಂಶೋಧನಾಲಯಕ್ಕೆ ಬಂದುಹೋಗುವ ವಿಜ್ಞಾನಿಗಳ ಸಂಖ್ಯೆ ಹತ್ತು ಸಾವಿರಕ್ಕೂ ಮಿಗಿಲು. ಭಾರತವು ೨೦೧೭ರಲ್ಲಿ ಅದರ ಸಹಸದಸ್ಯ ರಾಷ್ಟ್ರವಾದುದರಿಂದ ನಮ್ಮವರೂ ಅಲ್ಲಿಗೆ ಹೋಗುವುದುಂಟು. ಅಷ್ಟು ಜನರಿಗೆ ಮನೆ ಕಟ್ಟಿಸುವುದು ಯಾರಿಂದ ಆದೀತು? ಕೆಲವು ದಿನಗಳಿಗೆ ಬಂದವರಿಗೆ ಆವರಣದಲ್ಲಿ ವಸತಿಗೃಹಗಳಿವೆ. ಹೆಚ್ಚು ಕಾಲ ನಿಲ್ಲುವವರು ಊರಿನಲ್ಲಿಯೋ, ಗಡಿ ದಾಟಿ ಫ್ರಾನ್ಸಿನ ಹಳ್ಳಿಗಳಲ್ಲಿಯೋ ಬಾಡಿಗೆಯ ಮನೆಯನ್ನು ಹುಡುಕಬೇಕು. ಅದಕ್ಕೆ ನೆರವಾಗಲು ಒಂದು ಪ್ರತ್ಯೇಕ ಶಾಖೆಯೇ ಇದೆ. ಜಿನೀವಾದಲ್ಲಿ ನೂರು ಮನೆಗಳಲ್ಲಿ ಒಂದೂ ಖಾಲಿ ಇರುವುದಿಲ್ಲ. ಸ್ವಿಸ್ ಕಾನೂನಿನಂತೆ ಯಜಮಾನನು ಮೂರು ತಿಂಗಳ ಬಾಡಿಗೆಯವರೆಗೆ ಮುಂಗಡ ಕೇಳಬಹುದು. ಆದರೆ ಆ ಹಣವನ್ನು ಬಾಡಿಗೆದಾರನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಇಡಬೇಕು. ಹತ್ತು ತಿಂಗಳ ಮುಂಗಡವನ್ನು ಯಜಮಾನನ ಕೈಗೆ ಎಣಿಸಿಕೊಟ್ಟು, ಬಿಡುವಾಗ ಸುಣ್ಣಬಣ್ಣದ ಲೆಕ್ಕದಲ್ಲಿ ಕಳೆದುಕೊಂಡು ಬಂದ ಬೆಂಗಳೂರಿಗರು ಈ ವಾಕ್ಯವನ್ನು ಎರಡು ಬಾರಿ ಓದಿಕೊಳ್ಳಲಿ. ನಮ್ಮಲ್ಲಿಯೂ ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಕಡೆಯಲ್ಲಿ, ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರವು ೨೦೧೫ರಲ್ಲಿ ತನ್ನ ಸ್ವಂತ ಆವರಣಕ್ಕೆ ಬಂದಾಗ, ಉಪನ್ಯಾಸಮಂದಿರಗಳೊಡನೆ ಅತಿಥಿಗಳ ವಾಸಕ್ಕೂ ಅಲ್ಲಿಯೇ ಏರ್ಪಾಡು ಮಾಡಿಕೊಂಡುದು ವಿವೇಕದ ಕಾರ್ಯ. ಊರಿನಿಂದ ಅಷ್ಟು ದೂರದಲ್ಲಿ ಬೇರೆ ದಾರಿಯೂ ಇರಲಿಲ್ಲವೆನ್ನಿ.

ಇಷ್ಟೆಲ್ಲ ಇದ್ದರೂ ಒಂದು ಕೊರತೆಯನ್ನು ಯಾವ ಸಂಸ್ಥೆಯ ವಸತಿಶಾಖೆಯೂ ತುಂಬಲಾರದೆಂದು ತೋರುತ್ತದೆ. ಪ್ರಿನ್‌ಸ್ಟನ್ನಿಗೆ ಬರುವ ಸದಸ್ಯನಿಗೆ ಆಹ್ವಾನಪತ್ರವಿದೆ, ಕೋಣೆಯಿದೆ, ಸಂವಾದಕ್ಕೆ ಸಮಾನರಿದ್ದಾರೆ. ಜತೆಯಲ್ಲಿ ಬಂದವಳಿಗೆ (ಈಚೆಗೆ, ಜತೆಯಲ್ಲಿ ಬಂದವನಿಗೂ ಎನ್ನಬೇಕು) ಮನೆ ಮಾತ್ರ ಇದೆ. ಹಿಂದಿನವರ ಮಾತು ಹಾಗಿರಲಿ. ಇಂದು ಆಕೆಯೂ ಓದಿದವಳು, ತನ್ನೂರಿನಲ್ಲಿ ವೈದ್ಯಳೋ ಉಪಾಧ್ಯಾಯಿನಿಯೋ ಆಗಿ ಹುದ್ದೆಯಲ್ಲಿದ್ದವಳು. ಅತಿಥಿವಿದ್ವಾಂಸರ ವೀಸಾದಲ್ಲಿ ಬಂದವರ ಸಂಗಾತಿಗೆ ಅಮೆರಿಕದಲ್ಲಿ ಬೇರೆ ಅರ್ಜಿ ಹಾಕಿಕೊಂಡು ಅಪ್ಪಣೆ ಪಡೆದ ಮೇಲೆಯೇ ಸಂಬಳದ ಕೆಲಸ. ಅಪ್ಪಣೆ ಬರುವ ವೇಳೆಗೆ ವರ್ಷದಲ್ಲಿ ಒಳ್ಳೆಯ ಭಾಗವೇ ಕಳೆದಿರಬಹುದು. ಒಂದು ವರ್ಷಕ್ಕೆಂದು ಯಾರು ತಾನೇ ಹುದ್ದೆ ಕೊಟ್ಟಾರು? ಆದಕಾರಣ ಆ ಬೀದಿಗಳಲ್ಲಿ ಹಗಲು ಹೊತ್ತು ಮಗುವಿನ ಗಾಡಿಯನ್ನು ತಳ್ಳಿಕೊಂಡು ನಡೆಯುವವರ ಮನಸ್ಸಿನಲ್ಲಿ ಏನಿದೆಯೆಂಬುದನ್ನು ಸಂಸ್ಥೆಯವರು ಚಹಾದ ಹೊತ್ತಿನಲ್ಲಿಯಾದರೂ ಆಲೋಚಿಸಬೇಕು. ಬಟ್ಟೆ ಒಗೆಯುವ ಕೋಣೆಯಲ್ಲಿ, ಶಿಶುವಿಹಾರದ ಬಾಗಿಲಲ್ಲಿ, ಭಾಷೆ ಬಾರದಿದ್ದರೂ ಕೈಸನ್ನೆಯಿಂದ ಬೆಳೆಯುವ ಸ್ನೇಹಗಳೇ ಅವರ ಪಾಲಿನ ಉನ್ನತಾಧ್ಯಯನ.

ಮರ್ಸರ್ ಬೀದಿಯ ೧೧೨ನೆಯ ಮನೆಯ ಮಾತನ್ನು ಅರ್ಧದಲ್ಲಿ ಬಿಟ್ಟೆವು. ೧೯೫೫ರಲ್ಲಿ ಐನ್‌ಸ್ಟೈನರು ಕಾಲವಾದಾಗ ಆ ಮನೆಯನ್ನು ಸ್ಮಾರಕವಾಗಿ, ಯಾತ್ರಾಸ್ಥಳವಾಗಿ ಮಾಡಬೇಕೆಂದು ಬಯಸಿದವರು ಎಷ್ಟೋ ಮಂದ��. ಹಾಗೆ ಮಾಡಕೂಡದೆಂದು ಅವರು ಬದುಕಿರುವಾಗಲೇ ಹೇಳಿದ್ದರು. ಅವರ ಮಲಮಗಳು ಮಾರ್ಗಟ್ ೧೯೮೬ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ವಾಸವಾಗಿದ್ದಳು. ಅನಂತರ ಮನೆಯು ಉನ್ನತಾಧ್ಯಯನ ಸಂಸ್ಥೆಗೆ ಸೇರಿತು. ಸಂಸ್ಥೆಯವರು ಅದನ್ನೂ ಉಳಿದ ಮನೆಗಳಂತೆಯೇ ಬಳಸಿದರು. ಭೌತವಿಜ್ಞಾನಿ ಫ್ರಾಂಕ್ ವಿಲ್‌ಚೆಕ್ ತಮ್ಮ ಸಂಸಾರದೊಡನೆ ಅಲ್ಲಿದ್ದರು, ಅವರ ತರುವಾಯ ಅರ್ಥಶಾಸ್ತ್ರಜ್ಞ ಎರಿಕ್ ಮಾಸ್ಕಿನ್ ಇದ್ದರು. ವಿಲ್‌ಚೆಕ್ಕರಿಗೆ ೨೦೦೪ರಲ್ಲಿಯೂ ಮಾಸ್ಕಿನ್ನರಿಗೆ ೨೦೦೭ರಲ್ಲಿಯೂ ನೊಬೆಲ್ ಪಾರಿತೋಷಕಗಳು ಬಂದುವು. ದಾರಿಹೋಕರು ಇಂದಿಗೂ ಬೀದಿಯಲ್ಲಿ ನಿಂತು ಆ ಬಿಳಿಯ ಮರದ ಮನೆಯ ಚಿತ್ರವನ್ನು ತೆಗೆದುಕೊಂಡು ಹೋಗುವುದುಂಟು. ಒಳಕ್ಕೆ ಬಿಡುವುದಿಲ್ಲ.